ಕರ್ಣನ ಕಾಲ್ಬೆರಳು

"ಕಾಲು ಯಾರು ನೋಡ್ತಾರೆ ಅತ್ತಿಗೆ? ಮುಖ ನೋಡ್ತಾರೆ, ಮೀಸೆ ನೋಡ್ತಾರೆ, ಗದೆ ನೋಡ್ತಾರೆ. ಕಾಲಂತೆ ಕಾಲು!"

"ಧರ್ಮರಾಯ ನೋಡಿದ್ದ."

"ಧರ್ಮರಾಯ ಬಂದು ಗೊಂಬೆ ಕೊಳ್ಳಲ್ಲ!"

ಬೆಳಗಿನ ಐದೂವರೆ. ಗೊಂಬೆ ಕಾರ್ಖಾನೆಯ ಬಾಗಿಲು ಇನ್ನೂ ಅರ್ಧ ತೆರೆದಿದೆ, ಜಗಳ ಮಾತ್ರ ಬೀದಿಯ ತುದಿಗೆ ಕೇಳಿಸುತ್ತಿದೆ. ಕೂಗುತ್ತಿರುವವರು ಮಾಲೀಕರು, ವಯಸ್ಸು ನಲವತ್ತು. ಕೂಗಿಸಿಕೊಳ್ಳುತ್ತಿರುವವರು ತೀರಿಹೋದ ಅವರಣ್ಣನ ಹೆಂಡತಿ, ಐವತ್ತೆರಡು. ಕೆಲಸಗಾರರಿಗೆಲ್ಲ ಇವರು ಬೆರಳಕ್ಕ. ಮೈದುನ ಎಷ್ಟು ಎಗರಾಡಿದರೂ ಇವರ ಕೈ ನಿಲ್ಲುವುದಿಲ್ಲ. ಹೆಬ್ಬೆರಳ ತುದಿಯಷ್ಟೇ ಇರುವ ಹಸಿಮಣ್ಣಿನ ಪಾದವನ್ನು ಅಂಗೈಯಲ್ಲಿಟ್ಟುಕೊಂಡು ತೆಳ್ಳನೆಯ ತಂತಿಯಿಂದ ಬೆರಳು ಬಿಡಿಸುತ್ತಿದ್ದಾರೆ.

ಇಲ್ಲಿ ತಯಾರಾಗುವುದು ಕುರುವಂಶದ ವೀರರು, ಅವರ ತಾಯಂದಿರು. ಗೇಣುದ್ದದ ಇಪ್ಪತ್ತನಾಲ್ಕು ಗೊಂಬೆಗಳ ಒಂದು ಪೆಟ್ಟಿಗೆ, ಮುಚ್ಚಳದ ಮೇಲೆ ಯಾರು ಯಾರ ಮಗ ಎಂದು ತೋರಿಸುವ ಗೆರೆಗಳ ಚಿತ್ರ. ಶಾಲೆಗಳಿಗೆ, ಮನೆಗಳಿಗೆ ಹೋಗುತ್ತವೆ. ಹೊರಗಿನ ಬೋರ್ಡಿನಲ್ಲಿ 'ತಂದೆ ಮತ್ತು ಮಕ್ಕಳು' ಎಂದಿದೆ. ಸೊಸೆಯ ಸುದ್ದಿಯಿಲ್ಲ. ಇಂಥವರನ್ನು ಎಲೆಮರೆಯ ಕಾಯಿ ಅನ್ನುವುದು ನಮ್ಮ ರೂಢಿ. ಇವರ ಬಗ್ಗೆ ಬರೆಯಲು ಬಂದಿರುವ ನನಗೆ ಆ ಮಾತು ಕೇಳಿದರೆ ಸಿಟ್ಟು ಬರುತ್ತದೆ. ಎಲೆ ತಾನಾಗಿ ಅಡ್ಡ ಬರುವುದಿಲ್ಲ, ಯಾರೋ ಅಡ್ಡ ಹಿಡಿದಿರುತ್ತಾರೆ.

ದಿನಕ್ಕೆ ನಲವತ್ತು ಜೊತೆ ಪಾದ, ಅಂದರೆ ನಾನೂರು ಬೆರಳು. ಹತ್ತೊಂಬತ್ತಕ್ಕೆ ಸೊಸೆಯಾಗಿ ಬಂದವರು ಮೂವತ್ತಮೂರು ವರ್ಷದಿಂದ ಇದೇ ಕಿಟಕಿಯ ಪಕ್ಕ, ಇದೇ ಕಾಲು ಮುರಿದ ಕುರ್ಚಿಯಲ್ಲಿ ಕೂತಿದ್ದಾರೆ. ಕುರ್ಚಿಯ ಕಾಲಿಗೆ ಒಂದು ಇಟ್ಟಿಗೆ ಕೊಟ್ಟಿದ್ದಾರೆ. "ಗೊಂಬೆ ಕಾಲು ರಿಪೇರಿ ಮಾಡೋಕೆ ಪುರುಸೊತ್ತಿದೆ, ಇದಕ್ಕಿಲ್ಲ" ಎಂದು ನಗುತ್ತಾರೆ. ಗಂಡ ಹೋಗಿ ಹನ್ನೊಂದು ವರ್ಷ. ಸುಣ್ಣ, ಜೇಡಿಮಣ್ಣು ತಾಗಿ ತಾಗಿ ಇವರ ಬೆರಳ ತುದಿಯ ಗೆರೆಗಳೇ ಅಳಿಸಿಹೋಗಿವೆ.

ಎದುರಿಗೆ ಕೂತು ಬಣ್ಣ ಬಳಿಯುವ ಮೀಸೆಯಣ್ಣನ ಫೋಟೋ ಕ್ಯಾಟಲಾಗಿನಲ್ಲಿ ಬಂದಿದೆ. "ನನ್ನ ಕೆಲಸ ನಿಂತ್ಕೊಂಡೇ ಕಾಣುತ್ತೆ. ಅಕ್ಕನ ಕೆಲಸ ನೋಡೋಕೆ ಬಗ್ಗಬೇಕು. ಬಗ್ಗೋರು ಯಾರಿದಾರೆ ಈಗ?" ಎನ್ನುತ್ತಾರೆ ಅವರು.

ಬಗ್ಗಿ ನೋಡಿದವನು ಕಥೆಯೊಳಗಿನ ಧರ್ಮರಾಯ. ಜೂಜಿನ ಸಭೆಯಲ್ಲಿ ಕರ್ಣ ಬಾಯಿಗೆ ಬಂದಂತೆ ಅಂದಾಗ ಅವನ ರಕ್ತ ಕುದಿಯುತ್ತದೆ. ಕಣ್ಣು ಕರ್ಣನ ಪಾದದ ಮೇಲೆ ಬೀಳುತ್ತದೆ, ಸಿಟ್ಟು ಇಳಿದುಹೋಗುತ್ತದೆ. ಆ ಪಾದ ತನ್ನ ತಾಯಿ ಕುಂತಿಯದರಂತೆಯೇ ಇದೆ. ಯಾಕೆಂದು ಅವನಿಗೆ ತಿಳಿಯುವುದು ಯುದ್ಧ ಮುಗಿದು ಕರ್ಣ ಸತ್ತ ಮೇಲೆ.

ಬೆರಳಕ್ಕನ ಮಾವ ಈ ಒಂದು ಸಂಗತಿಯನ್ನು ಹಿಡಿದು ಕುಂತಿಯ ಪಾದದ ಅಚ್ಚು ಮಾಡಿದರು. ಹೆಬ್ಬೆರಳಿಗಿಂತ ಪಕ್ಕದ ಬೆರಳು ಸಾಸಿವೆಯಷ್ಟು ಉದ್ದ. ಧರ್ಮರಾಯ, ಭೀಮ, ಅರ್ಜುನರಿಗೂ ಅದೇ ಬೆರಳು. ಶತ್ರುಗಳ ಸಾಲಿನಲ್ಲಿ ನಿಲ್ಲುವ ಕರ್ಣನಿಗೂ ಅದೇ. ನಕುಲ ಸಹದೇವರಿಗೆ ಮಾತ್ರ ಮಾದ್ರಿಯ ಪಾದ. ಮುಚ್ಚಳದ ಚಿತ್ರದಲ್ಲಿ ಕುಂತಿಯಿಂದ ಕರ್ಣನಿಗೆ ಗೆರೆಯಿಲ್ಲ. ಗೆರೆ ಇರುವುದು ಕಾಲಿನಲ್ಲಿ.

"ನಾವಾಗಿ ಹೇಳಬಾರದು" ಎನ್ನುತ್ತಾರೆ ಬೆರಳಕ್ಕ. "ಯಾವುದಾದ್ರೂ ಮಗು ಎಲ್ಲಾನೂ ಸಾಲಾಗಿ ಮಲಗಿಸಿ ಆಡ್ತಾ, ಅಮ್ಮಾ, ಇವನ ಕಾಲೂ ಇವಳ ಥರಾನೇ ಇದೆ ಅನ್ನಬೇಕು. ನಂಗೆ ಅಷ್ಟೇ ಸಾಕು."

"ಯಾರಾದರೂ ಅಂದಿದ್ದಾರಾ?" ಎಂದು ಕೇಳುತ್ತೇನೆ.

"ಇನ್ನೂ ಇಲ್ಲ."

ಇವತ್ತಿನ ಜಗಳ ಆ ಬೆರಳಿನದೇ. ಮಾಲೀಕರ ಮಾತಿನಲ್ಲೂ ಹುರುಳಿಲ್ಲವೆಂದಲ್ಲ. ಸಾಗಿಸುವಾಗ ಮುರಿಯುವುದು ಪಾದವೇ, ಹತ್ತು ಪೆಟ್ಟಿಗೆಯಲ್ಲಿ ಮೂರು ವಾಪಸ್ ಬರುತ್ತವೆ. ಹಾಗಾಗಿ ನಿನ್ನೆ ಹೊಸ ಅಚ್ಚು ಬಂದಿದೆ. ಇನ್ನು ಎಲ್ಲ ವೀರರಿಗೂ ಒಂದೇ ನಮೂನೆಯ ದಪ್ಪ ಬೂಟು.

"ಯುದ್ಧಕ್ಕೆ ಹೋಗೋರು ಬೂಟು ಹಾಕ್ಕೊಂಡ್ರೆ ತಪ್ಪೇನತ್ತಿಗೆ?"

"ಕೆಳಗಿನ ಪೀಠ ದಪ್ಪ ಮಾಡು, ಮುರಿಯಲ್ಲ. ಯಾರ ಮಗ ಅಂತ ಗೊತ್ತಾಗೋ ಒಂದೇ ಜಾಗಾನೂ ಮುಚ್ಚಿಬಿಡ್ತೀಯಲ್ಲೋ ಮಾರಾಯ."

"ಅದಕ್ಕೆಲ್ಲ ಟೈಮಿಲ್ಲ. ಸಾಕು ನಿಮ್ಮ ಪುರಾಣ!" ಮಾಲೀಕರು ಮೇಜಿನಿಂದ ಕುಂತಿಯ ಹಳೆಯ ಅಚ್ಚನ್ನು ಎತ್ತಿಕೊಂಡು ಒಡೆದ ಮಾಲಿನ ರಾಶಿಗೆ ಎಸೆಯಲು ಕೈ ಎತ್ತುತ್ತಾರೆ.

ಬೆರಳಕ್ಕ ಎದ್ದು ನಿಲ್ಲುತ್ತಾರೆ. ಅವರ ಕೈ ನಿಂತದ್ದನ್ನು ನಾನು ಕಂಡದ್ದು ಆಗಲೇ.

"ಅದನ್ನ ಕೆಳಗಿಡು. ನಿನ್ನ ಶೂ ಬಿಚ್ಚು."

"ಏನು?"

"ಬಿಚ್ಚಿ ನೋಡ್ಕೋ. ಮಾವ ಅದನ್ನ ಮನಸ್ಸಿಂದ ಕೆತ್ತಿದ್ದಲ್ಲ. ಅತ್ತೆಯವರನ್ನ ಈ ಕುರ್ಚೀಲಿ ಕೂರಿಸಿ, ಅವರ ಕಾಲು ನೋಡ್ತಾ ಕೆತ್ತಿದ್ರು. ಪಕ್ಕದಲ್ಲಿ ಮಣ್ಣು ಕಲಸ್ತಿದ್ದೋಳು ನಾನು. ನಿಂಗಾಗ ಏಳು ವರ್ಷ. ಎರಡು ವರ್ಷಕ್ಕೆ ಅತ್ತೆ ಹೋಗಿಬಿಟ್ರು. ಎಸೀತಿರೋದು ನಿಮ್ಮಮ್ಮನ ಪಾದಾನ."

ಮೀಸೆಯಣ್ಣನ ಕುಂಚ ಅರ್ಧ ಮೀಸೆಯಲ್ಲಿ ನಿಲ್ಲುತ್ತದೆ.

"ನಂಗ್ಯಾಕೆ ಹೇಳಲಿಲ್ಲ?" ಮಾಲೀಕರ ದನಿ ಇಳಿದಿದೆ.

"ನೀನು ಕೇಳಿದ್ಯಾ? ಯಾವತ್ತಾದ್ರೂ ಈ ಮೇಜಿನ ಹತ್ರ ಬಂದು ಬಗ್ಗಿ ನೋಡಿದ್ಯಾ?"

ಬೆರಳಕ್ಕ ತಮ್ಮ ಕೈಯಲ್ಲಿದ್ದ ಹಸಿಪಾದವನ್ನು ಒಣಗುವ ಹಲಗೆಯ ಮೇಲಿಡುತ್ತಾರೆ. ಅದು ಕರ್ಣನದು, ಎಡಗಾಲು. ಬಟ್ಟಲಿನ ನೀರಿನಲ್ಲಿ ಕೈ ತೊಳೆದು, ಟವೆಲಿಗೆ ಒರೆಸಿ, ತಂತಿಯನ್ನು ಮಾತ್ರ ಚೀಲಕ್ಕೆ ಹಾಕಿಕೊಂಡು ಚಪ್ಪಲಿ ಮೆಟ್ಟುತ್ತಾರೆ. ಅರ್ಧ ತೆರೆದ ಬಾಗಿಲಿನಲ್ಲಿ ಓರೆಯಾಗಿ ನುಸುಳಿ ಹೊರಟೇಹೋಗುತ್ತಾರೆ.

"ಟೀ ಹೊತ್ತಿಗೆ ಬರ್ತಾರೆ ಬಿಡಿ" ಎನ್ನುತ್ತಾರೆ ಮೀಸೆಯಣ್ಣ.

ನಾಲ್ಕನೇ ದಿನ ಮತ್ತೆ ಹೋಗುತ್ತೇನೆ. ಬೂಟಿನ ಅಚ್ಚುಗಳ ಪೆಟ್ಟಿಗೆಗೆ ಹಗ್ಗ ಬಿಗಿದು, ವಾಪಸ್ ಕಳಿಸಲು ಬಾಗಿಲ ಬಳಿ ಇಟ್ಟಿದ್ದಾರೆ. ಮಾಲೀಕರು ಸಿಮೆಂಟಿನ ನೆಲದ ಮೇಲೆ ಬರಿಗಾಲಲ್ಲಿ ಶತಪಥ ಹಾಕುತ್ತಿದ್ದಾರೆ. ಹಲಗೆಯ ಮೇಲೆ ಕರ್ಣನ ಎಡಗಾಲು ಒಣಗಿ ಬೆಳ್ಳಗಾಗಿದೆ, ಬಲಗಾಲಿಲ್ಲ.

"ಅತ್ತಿಗೆ ಮನೆಗೆ ಬೀಗ. ದಾರೀಲಿ ನಿಮಗೇನಾದ್ರೂ ಸಿಕ್ಕಿದ್ರಾ?" ಎಂದು ನನ್ನನ್ನೇ ಕೇಳುತ್ತಾರೆ.

ಸಿಕ್ಕಿರಲಿಲ್ಲ.