ನೀರು ಕುಡಿಯದ ಮೋಟಾರು

ಶಿವಕಾಂತ ಧೊಂಡಿಬಾ ಮೇತ್ರೆ ಕಳೆದ ಮಂಗಳವಾರ ಮಧ್ಯಾಹ್ನ ಬೀದರದಿಂದ ಭಾಲ್ಕಿಗೆ ಬರುವ ಬಸ್ಸಿನಲ್ಲಿ ತೀರಿಕೊಂಡ. ಎಪ್ಪತ್ತೆರಡು ವರ್ಷ. ಭಾಲ್ಕಿ ನಿಲ್ದಾಣದಲ್ಲಿ ಎಲ್ಲರೂ ಇಳಿದ ಮೇಲೆ ಕಂಡಕ್ಟರ್ ಬಂದು ಭುಜ ಹಿಡಿದು ಅಲುಗಾಡಿಸಿದಾಗ ಗೊತ್ತಾಯಿತು. ಬಲಗೈಯಲ್ಲಿ ಮೊಬೈಲಿತ್ತು. ಅಂಗಿಯ ಜೇಬಿನಲ್ಲಿ, ಕರವಸ್ತ್ರದಲ್ಲಿ ಸುತ್ತಿದ ನಾಲ್ಕು ಬೋಲ್ಟುಗಳಿದ್ದವು.

ಅವನು ಮೂವತ್ತೈದು ವರ್ಷ ಔರಾದ–ಬೀದರ ಬಸ್ಸು ಓಡಿಸಿದವನು. ಕುಳಿತು ಚಹಾ ಕುಡಿದದ್ದನ್ನು ಭಾಲ್ಕಿಯಲ್ಲಿ ಯಾರೂ ನೋಡಿಲ್ಲ. ಹೋಟೆಲಿನ ಬಾಗಿಲಲ್ಲಿ ನಿಂತು, ಒಂದು ಕಾಲು ಒಳಗೆ ಒಂದು ಕಾಲು ಹೊರಗೆ ಇಟ್ಟುಕೊಂಡು, ಬಿಸಿ ಚಹಾ ಗಂಟಲಿಗೆ ಸುರುವಿಕೊಂಡು ಹೊರಟುಬಿಡುತ್ತಿದ್ದ. ಎಲ್ಲಿಗೆ ಎಂದು ಕೇಳಿದರೆ ಅವನಿಗೂ ಗೊತ್ತಿರುತ್ತಿರಲಿಲ್ಲ. ನಿವೃತ್ತಿಯಾದ ಮೇಲೆ ಇದು ಹೆಚ್ಚಾಯಿತು. ಕಾಲೇಜು ಗ್ರಂಥಾಲಯದಿಂದ ನಿವೃತ್ತನಾಗಿದ್ದ ಗೆಳೆಯ ಕೈಲಾಶ ಒಮ್ಮೆ ಕೇಳಿದ್ದ, "ನಿನ್ನ ಬೆನ್ನ ಹಿಂದ ಯಾರು ಬರಾಕತ್ಯಾರೋ ಮಾರಾಯಾ?"

"ನಮ್ಮಪ್ಪ," ಅಂದಿದ್ದ ಶಿವಕಾಂತ. ನಕ್ಕಿರಲಿಲ್ಲ.

ಅಪ್ಪ ಧೊಂಡಿಬಾ ಕುರಿ ಕಾಯುವ ಮನೆತನದವನು. ನಿಜಾಮನ ಕಾಲದಲ್ಲಿ ಸಂತಪುರದ ಹತ್ತಿರದ ಒಬ್ಬ ಜಾಗೀರದಾರರು ಮುಂಬಯಿಯಿಂದ ಅಮೆರಿಕದ ಮೋಟಾರು ತರಿಸಿದ್ದರು. ಹರೆಯದ ಧೊಂಡಿಬಾ ಕುರಿ ಬಿಟ್ಟು ಆ ಗಾಡಿ ಒರೆಸುವ ಕೆಲಸಕ್ಕೆ ಸೇರಿದ. ನಿಜಾಮನ ಆಳ್ವಿಕೆ ಮುಗಿಯಿತು, ಜಾಗೀರದಾರರು ತೀರಿಕೊಂಡರು, ಡ್ರೈವರ್ ಯಾವ ಕಡೆ ಹೋದನೋ ತಿಳಿಯಲಿಲ್ಲ. ಕೊಟ್ಟಿಗೆಯಲ್ಲಿ ಗಾಡಿ ಉಳಿಯಿತು, ಅದನ್ನು ಕಾಯಲು ಧೊಂಡಿಬಾ ಉಳಿದ.

ಐವತ್ತೊಂದರಲ್ಲಿ ಭಾಲ್ಕಿಯ ಹತ್ತಿ ಮಿಲ್ಲಿನವರೊಬ್ಬರು ಗಾಡಿ ಕೊಳ್ಳಲು ಬಂದರು. ಮುಂದೆ ಚೆಂದದ ಜಾಳಿಗೆ ಇತ್ತು, ಎಲ್ಲ ಮೋಟಾರಿಗೂ ಇರುವಂಥದ್ದೇ. ಬಾನೆಟ್ ಎತ್ತಿ ನೋಡಿದರೆ ಆ ಜಾಳಿಗೆಯ ಹಿಂದೆ ಬರೀ ಒಂದು ದೊಡ್ಡ ಫ್ಯಾನು. ಇಂಜಿನ್ನು ತಂಪು ಮಾಡಲು ನೀರು ತುಂಬುವ ರೇಡಿಯೇಟರ್ ಇಲ್ಲ. ಹಿತ್ತಾಳೆಯ ಆ ಭಾರದ ವಸ್ತು ಎಲ್ಲಿ ಹೋಯಿತು? ಕೊಟ್ಟಿಗೆಯ ಬೀಗದ ಕೈ ಇದ್ದದ್ದು ಧೊಂಡಿಬಾನ ಹತ್ತಿರ.

"ಈ ಗಾಡಿಗೆ ಅದು ಇರಲೇ ಇಲ್ರಿ. ಇದು ನೀರು ಕುಡಿಯೂದಿಲ್ಲ," ಅಂದ ಅವನು.

ಜಾಗೀರದಾರರ ವಾಡೆಯ ಚಾವಡಿಯಲ್ಲಿ ಸೇರಿದವರು ಹೊಟ್ಟೆ ಹಿಡಿದು ನಕ್ಕರು. "ಕುರಿ ಕಾಯಾಂವ ನೀ. ನೀರು ಕುಡಿಯದ ಒಂದು ಕುರಿ ತೋರ್ಸು, ನಂಬ್ತೀವಿ," ಎಂದನೊಬ್ಬ.

ಕೊನೆಗೆ ಆಣೆ ಮಾಡಿಸಿದರು. ಧೊಂಡಿಬಾನ ಮನೆದೇವರು ಮೈಲಾರಲಿಂಗ. ದೇವರ ಮುಂದಿನ ಬಂಡಾರ, ಅಂದರೆ ಅರಿಶಿಣದ ಪುಡಿ, ಕೈಯಲ್ಲಿ ಹಿಡಿದು ಹೇಳಿದ ಮಾತಿಗೆ ಎರಡನೆಯ ಮಾತಿಲ್ಲ. ಧೊಂಡಿಬಾ ಮುಷ್ಟಿ ತುಂಬ ಬಂಡಾರ ಹಿಡಿದು ಅದನ್ನೇ ಹೇಳಿದ. ಆಗ ಯಾರೂ ನಗಲಿಲ್ಲ. ಆದರೆ ನಂಬಲೂ ಇಲ್ಲ. ಕಳವು ಮಾಡಿದ್ದಲ್ಲದೆ ಸುಳ್ಳು ಬಂಡಾರ ಹಿಡಿದ ಎಂದು ಮಾತಾಯಿತು. ಅವನು ಕೈಯಲ್ಲಿದ್ದುದನ್ನು ತಟ್ಟೆಗೆ ಹಾಕಿ, "ನನ್ನ ಆಣಿ ನಡೀದಿದ್ದ ಮ್ಯಾಲ ನಮ್ಮ ಹಣಿಗೆ ಇದು ಯಾಕ," ಎಂದು ಎದ್ದು ಬಂದ. ಗಾಡಿಯನ್ನು ಮಿಲ್ಲಿನವರು ಕಡಿಮೆ ಬೆಲೆಗೆ ಎಳೆಸಿಕೊಂಡು ಹೋದರು. ಅಂದಿನಿಂದ ಧೊಂಡಿಬಾ ಬಂಡಾರ ಹಚ್ಚಲಿಲ್ಲ. ಆಗ ನಾಲ್ಕು ವರ್ಷದ ಮಗಳು ಸಖುಬಾಯಿ ಅಪ್ಪನನ್ನು ನೋಡಿ ಬಿಟ್ಟವಳು, ಎಪ್ಪತ್ತೆಂಟಾದರೂ ಹಚ್ಚಿರಲಿಲ್ಲ. ಪೂಜೆಯ ತಟ್ಟೆ ಹತ್ತಿರ ಬಂದರೆ ಮುಖ ತಿರುಗಿಸುತ್ತಿದ್ದಳು.

ಶಿವಕಾಂತ ಇದೆಲ್ಲ ಆದ ಮೇಲೆ ಹುಟ್ಟಿದವನು. ಅವನು ಡ್ರೈವರ್ ಆಗಿದ್ದೇ ಜನರಿಗೆ ಹಬ್ಬವಾಯಿತು. ಸಂತಪುರದಲ್ಲಿ ಬಸ್ಸು ನಿಲ್ಲಿಸಿ ರೇಡಿಯೇಟರಿಗೆ ನೀರು ಹಾಕುವಾಗ ಬೇವಿನ ಕಟ್ಟೆಯ ಮುದುಕರು ಬಿಡುತ್ತಿರಲಿಲ್ಲ. "ಯಾಕೋ ಶಿವಕಾಂತ, ನಿಮ್ಮಪ್ಪನ ಮೋಟಾರು ಉಪಾಸ ಇರ್ತಿತ್ತು, ಇದಕ್ಯಾಕ ಇಷ್ಟು ನೀರಡಿಕಿ?" ಅವನು ಕೊಡ ಬೋರಲು ಹಾಕಿ, ಕಂಡಕ್ಟರ್ ಸೀಟಿ ಊದುವ ಮೊದಲೇ ಗೇರು ಹಾಕುತ್ತಿದ್ದ.

ಆ ಮಾತುಗಳನ್ನು ಅವನು ತಡೆದುಕೊಂಡಿದ್ದ. ತಡೆದುಕೊಳ್ಳಲಾಗದೆ ಹೋದದ್ದು ತನ್ನದೇ ಒಂದು ಮಾತನ್ನು. ನೌಕರಿಗೆ ಸೇರಿದ ವರ್ಷ, ಇಂಜಿನ್ನು ಬಲ್ಲವನೆಂಬ ಹೊಸ ಹುಮ್ಮಸ್ಸಿನಲ್ಲಿ, ಅಪ್ಪನ ಎದುರು ಕುಳಿತು ಕೇಳಿದ್ದ: "ಅಪ್ಪಾ, ಎರಡು ಗಾಲಿ ಫಟಫಟಿಗೆ ನೀರು ಬ್ಯಾಡ, ಖರೆ. ಆದ್ರ ಅಷ್ಟು ದೊಡ್ಡ ಗಾಡಿ ನೀರಿಲ್ದ ನಡಿಯೂದಿಲ್ಲ. ಮುಂದ ಜಾಳಿಗಿ ಇತ್ತು ಅಂತ ನೀನೇ ಹೇಳ್ತಿ. ಜಾಳಿಗಿ ಇದ್ದ ಮ್ಯಾಲ ಹಿಂದ ರೇಡಿಯೇಟರ್ ಇರಲೇಬೇಕು. ಆಗಿದ್ದು ಆಗಿ ಹೋತು. ನನಗರೆ ನಿಜಾ ಹೇಳು."

ಧೊಂಡಿಬಾ ಮಗನ ಮುಖ ನೋಡಿದ. ಕಂಬಳಿ ಹೆಗಲಿಗೆ ಹಾಕಿಕೊಂಡು ಹೊರಗೆ ಹೋದ. ಆಮೇಲೆ ಹನ್ನೆರಡು ವರ್ಷ ಬದುಕಿದ. ಆ ಗಾಡಿಯ ಹೆಸರೆತ್ತಲಿಲ್ಲ.

ಈ ವರ್ಷ ಭಾಲ್ಕಿಯ ಹಳೆಯ ಹತ್ತಿ ಮಿಲ್ಲು ಕೆಡವಿದರು. ಹಿಂದಿನ ಗೋದಾಮಿನಲ್ಲಿ, ತೊಗರಿ ಕಟ್ಟಿಗೆಯ ರಾಶಿಯ ಕೆಳಗೆ, ಒಂದು ಮೋಟಾರು ಸಿಕ್ಕಿತು. ಶಿವಕಾಂತನ ಮನೆಯಿಂದ ಅಲ್ಲಿಗೆ ಹತ್ತು ನಿಮಿಷದ ದಾರಿ. ಅವನಿಗೆ ಸುದ್ದಿ ಮುಟ್ಟುವಷ್ಟರಲ್ಲಿ ಬೀದರದ ಗುಜರಿ ವ್ಯಾಪಾರಿ ಸರ್ದಾರ ಅದನ್ನು ಎತ್ತಿಸಿಕೊಂಡು ಹೋಗಿದ್ದ. ಶಿವಕಾಂತ ಅವತ್ತೇ ನೌಬಾದಿನಲ್ಲಿದ್ದ ಅವನ ಗುಜರಿ ಅಂಗಳಕ್ಕೆ ಹೋಗಿ, ಚಕ್ರದ ತಟ್ಟೆಯ ಮಣ್ಣು ಉಗುರಿನಿಂದ ಕೆರೆದು, ಅಲ್ಲಿದ್ದ ಇಂಗ್ಲಿಷ್ ಅಕ್ಷರಗಳನ್ನು ಫೋನಿನಲ್ಲಿ ಒಂದೊಂದಾಗಿ ಕೈಲಾಶನಿಗೆ ಹೇಳಿದ. ಫ್ರ್ಯಾಂಕ್ಲಿನ್ ಎಂದಿತ್ತು.

ಕೈಲಾಶ ಒಂದು ವಾರ ಓದಿದ. ಆ ವಾರ ಶಿವಕಾಂತ ದಿನಕ್ಕೆ ಮೂರು ಸಲ ಅವನ ಮನೆಗೆ ಬಂದು, ಕೂಡದೆ, ಅಂಗಳದಲ್ಲಿ ತಿರುಗಿದ. ಕೈಲಾಶನ ಹೆಂಡತಿ ಕೇಶರಬಾಯಿ, "ನಮ್ಮ ಅಂಗಳ ಸವೀತದ, ಅಣ್ಣಾ. ನಿನಗೇನು ಹೆರಿಗಿ ವಾರ್ಡಿನ ಮುಂದ ನಿಂದ್ರಿಸ್ಯಾರೇನು?" ಎಂದು ಚಹಾ ಅಂಗಳಕ್ಕೇ ತಂದುಕೊಟ್ಟಳು.

ಎಂಟನೆಯ ದಿನ ಕೈಲಾಶ ಕಾಗದ ಹಿಡಿದು ಹೊರಗೆ ಬಂದ. ನ್ಯೂಯಾರ್ಕ್ ರಾಜ್ಯದಲ್ಲಿ ಸಿರಾಕ್ಯೂಸ್ ಎಂಬ ಊರು. ಅಲ್ಲಿ ಲೋಹದ ಎರಕದ ಕಾರ್ಖಾನೆ ನಡೆಸುತ್ತಿದ್ದ ಫ್ರ್ಯಾಂಕ್ಲಿನ್ ಎಂಬುವನು ಒಬ್ಬ ಎಂಜಿನಿಯರನ ಜೊತೆ ಸೇರಿ ಸಾವಿರದ ಒಂಬೈನೂರ ಎರಡರಲ್ಲಿ ಮೋಟಾರು ಕಟ್ಟಲು ಸುರುಮಾಡಿದ. ಚಾಸಿ, ಅಂದರೆ ತಳದ ಚೌಕಟ್ಟು, ಕಬ್ಬಿಣದ್ದಲ್ಲ, ಮರದ್ದು. ಹಗುರ ಗಾಡಿ. ಇಂಜಿನ್ನಿಗೆ ನೀರೇ ಇಲ್ಲ, ಗಾಳಿಯಿಂದಲೇ ತಂಪು. ಚಳಿಗಾಲದಲ್ಲಿ ಹೆಪ್ಪುಗಟ್ಟುವುದಿಲ್ಲ, ಬೇಸಿಗೆಯಲ್ಲಿ ಕುದಿಯುವುದಿಲ್ಲ. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಅವರು ಅದನ್ನೇ ಮಾಡಿದರು.

"ಮತ್ತ ಜಾಳಿಗಿ?" ಅಂದ ಶಿವಕಾಂತ.

"ಅದನ್ನೇ ಹೇಳ್ತೇನಿ, ತಡಿ. ಮೊದಲಿನ ಗಾಡಿಗೆ ಜಾಳಿಗಿ ಇರಲಿಲ್ಲ, ಮೂತಿ ಇಳಿಜಾರು. ಅಲ್ಲಿನ ಡೀಲರುಗಳು ಕಂಪನಿ ಮುಂದ ಹಟ ಹಿಡದ್ರು. ಬ್ಯಾರೆ ಮೋಟಾರಿನಂಗ ಕಾಣಂಗಿಲ್ಲ, ಮಂದಿ ತಗೊಳ್ಳೂದಿಲ್ಲ, ಮುಂದ ಒಂದು ರೇಡಿಯೇಟರಿನ ವೇಷ ಹಾಕ್ರಿ ಅಂತ. ಕಂಪನಿ ಮಣೀತು. ಇಪ್ಪತ್ತೈದರ ಗಾಡಿಯಿಂದ ಸುಳ್ಳು ಜಾಳಿಗಿ. ಆ ಎಂಜಿನಿಯರ್ ಇದು ನನ್ನ ಗಾಡಿ ಅಲ್ಲ ಅಂತ ಕೆಲಸ ಬಿಟ್ಟು ಹೋದ."

"ಬಿಟ್ಟೇ ಹೋದನಾ?"

"ಹೋದ. ಇಪ್ಪತ್ತೊಂಬತ್ತರಾಗ ಅಲ್ಲಿ ಎಲ್ಲಾರ ವ್ಯಾಪಾರ ಬಿತ್ತು. ಮೂವತ್ತನಾಲ್ಕಕ್ಕ ಕಂಪನಿ ಮುಚ್ಚಿತು. ಅಷ್ಟೇ." ಕೈಲಾಶ ಕನ್ನಡಕ ತೆಗೆದ. "ಅಮೆರಿಕದ ಡೀಲರುಗಳಿಗೂ ಸಂತಪುರದ ಮಂದಿಗೂ ಒಂದೇ ಅನುಮಾನ ನೋಡು."

ಶಿವಕಾಂತ ಆ ಕಾಗದವನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟು, ಅದೇ ಕಾಲಲ್ಲಿ ಸಂತಪುರದ ಬಸ್ಸು ಹತ್ತಿದ. ಅಕ್ಕನಿಗೆ ಎಲ್ಲ ಓದಿ ಹೇಳಿದ. ಸಖುಬಾಯಿ ಎಲೆ ಅಡಿಕೆ ಕುಟ್ಟುವುದನ್ನು ನಿಲ್ಲಿಸಲಿಲ್ಲ.

"ಕಾಗದ ಯಾರರೆ ಬರೀತಾರ. ನಿನ್ನ ಗೆಳೆಯಾ ಬರದಾನ. ಅಪ್ಪಗ ಕಳ್ಳ ಅಂದಿದ್ದು ಆ ಜಾಗೀರದಾರರ ವಾಡೇದಾಗ. ಅವರ ಮನ್ಯಾವರು ಒಬ್ಬರು ಕಣ್ಣಿಲೆ ನೋಡಿ ಹೌದು ಅನ್ಲಿ. ಆಗ ಬಂಡಾರ ಹಚ್ಕೋತೇನಿ."

"ಯಾರು ಉಳದಾರ ಅಕ್ಕಾ ಆ ಮನ್ಯಾಗ?"

"ಜಾಗೀರದಾರರ ಮಗಳು ಒಬ್ಬಾಕಿ ಇದ್ದಳು, ನನಗಿಂತ ದೊಡ್ಡಾಕಿ. ಮಹಮೂದಾ. ಬೀದರದಾಗ ಇರಬೇಕು, ಇದ್ರ." ಆಮೇಲೆ ಅಂದಳು, "ಲಗೂನ ಮಾಡು. ನನ್ನ ಗಾಡಿ ಬಾಳ ದಿನಾ ನಡಿಯೂದಿಲ್ಲ."

ಮಹಮೂದಾ ಬೇಗಂ ಇದ್ದರು. ಬೀದರದ ಹಳೆಯ ಊರಲ್ಲಿ, ಚೌಬಾರಾ ಗೋಪುರದ ಹಿಂದಿನ ಓಣಿಯಲ್ಲಿ, ಮೊಮ್ಮಗಳು ಮುಸರ್ರತಳ ಮನೆಯಲ್ಲಿ. ಎಂಬತ್ತೈದು ವರ್ಷ. ವಿಳಾಸ ಹುಡುಕಲು ಶಿವಕಾಂತನಿಗೆ ಹನ್ನೆರಡು ದಿನ ಹಿಡಿಯಿತು. ಸಿಕ್ಕ ದಿನವೇ ಸರ್ದಾರನಿಗೆ ಫೋನು ಮಾಡಿದ.

"ಖುಷಿ ಸುದ್ದಿ ಚಾಚಾ," ಅಂದ ಸರ್ದಾರ. "ಹೈದರಾಬಾದಿನ ಗಿರಾಕಿ ಬುಧವಾರ ಗಾಡಿ ಒಯ್ತಾನ. ಒಳಗ ಖಾಲಿ ಇತ್ತಲ್ಲ, ಒಂದು ಹಳೇ ಜೀಪಿನ ರೇಡಿಯೇಟರ್ ತಂದು ಕೂಡಿಸೀನಿ. ಈಗ ಗಾಡಿ ಪೂರಾ ಆತು ನೋಡ್ರಿ."

ಶಿವಕಾಂತನ ಕಾಲು ಆ ರಾತ್ರಿ ನೆಲಕ್ಕೆ ನಿಲ್ಲಲಿಲ್ಲ. ಗಾಡಿ ಹಾಗೇ ಹೈದರಾಬಾದಿಗೆ ಹೋದರೆ ಮುಗಿಯಿತು. ಯಾವನೋ ಬಾನೆಟ್ ಎತ್ತಿ, ಇಲ್ಲಿ ರೇಡಿಯೇಟರ್ ಇದೆ ಎನ್ನುತ್ತಾನೆ. ಅಪ್ಪ ಎರಡನೆಯ ಸಲ ಕಳ್ಳನಾಗುತ್ತಾನೆ. ಮರುದಿನ ಮಂಗಳವಾರ ಮೊದಲ ಬಸ್ಸಿಗೆ ಹೊರಟ. ಕೈಚೀಲದಲ್ಲಿ ಬೋಲ್ಟು ಬಿಚ್ಚುವ ಪಾನಾಗಳಿದ್ದವು. ಎಡಗೈ ಜೋಮು ಹಿಡಿದಂತಿದೆ ಎಂದು ಸೊಸೆಗೆ ಹೇಳಿದ್ದನಂತೆ. ಅವಳು ದವಾಖಾನೆಗೆ ಹೋಗೋಣ ಅಂದರೆ, "ನಾಳಿ," ಅಂದ.

ಆಟೋದಲ್ಲಿ ಬೇಗಮರನ್ನೂ ಮುಸರ್ರತಳನ್ನೂ ಕೂರಿಸಿಕೊಂಡು ನೌಬಾದಿಗೆ ಬಂದ. "ದಾದಿಮಾ ಮದುವಿಗೂ ಇಷ್ಟು ಲಗೂ ತಯಾರ ಆಗಿರಲಿಲ್ಲ," ಎಂದು ಮುಸರ್ರತ ದಾರಿಯುದ್ದಕ್ಕೂ ಕಾಡಿದಳು.

ಪಾನಾ ತೆಗೆದದ್ದು ನೋಡಿ ಸರ್ದಾರ ಅಡ್ಡ ಬಂದ. "ಏನ್ ಮಾಡ್ತೀರಿ ಚಾಚಾ? ರೇಡಿಯೇಟರ್ ಇಲ್ಲದ ಗಾಡಿ ಯಾರು ಮುಟ್ತಾರ?"

ಶಿವಕಾಂತ ಕಾಗದ ಕೊಟ್ಟ. ಸರ್ದಾರ ಓದಿದ, ಮತ್ತೊಮ್ಮೆ ಓದಿದ, ತಲೆ ಕೆರೆದ. "ಅಂದ್ರ ನಾ ಕೂಡಿಸಿದ್ದಕ್ಕೇ ಗಾಡಿ ಕೆಟ್ಟಿತು? ಗಿರಾಕಿ ತಿಳಿದಾಂವ ಇದ್ರ ನನ್ನ ಮಾರಿ ಎಲ್ಲಿ ಇಡ್ಲಿ? ಬಿಚ್ರಿ, ಬಿಚ್ರಿ. ನನ್ನ ಹುಡುಗರು ಬಿಚ್ತಾರ."

"ಬ್ಯಾಡ. ನಾ ಬಿಚ್ತೇನಿ."

ನಾಲ್ಕು ಬೋಲ್ಟು. ಮೂರು ಸಲೀಸಾಗಿ ಬಂದವು. ನಾಲ್ಕನೆಯದು ಹಟ ಹಿಡಿಯಿತು. ಹಣೆಯ ಬೆವರು ಇಂಜಿನ್ನಿನ ಮೇಲೆ ಬಿತ್ತು. ರೇಡಿಯೇಟರನ್ನು ಎತ್ತಿ ಪಕ್ಕಕ್ಕೆ ಇಟ್ಟು, ಬೇಗಮರ ಕೈ ಹಿಡಿದು ಹತ್ತಿರ ಕರೆತಂದ. ಅವರು ಬಗ್ಗಿ ಜಾಳಿಗೆಯ ಹಿಂದೆ ಕೈ ಹಾಕಿದರು. ಫ್ಯಾನು, ಅದರ ಹಿಂದೆ ಸಾಲಾಗಿ ಆರು ಸಿಲಿಂಡರು, ಅವುಗಳ ಮೈಗೆ ತೆಳ್ಳಗಿನ ಲೋಹದ ರೆಕ್ಕೆಗಳು. ಬಹಳ ಹೊತ್ತು ಮುಟ್ಟಿ ನೋಡಿದರು.

"ನಾವು ಹೈದರಾಬಾದಿಗೆ ಹೋಗೂವಾಗ ನಮ್ಮ ಚಾಚಾನ ಗಾಡಿ ದಾರ್ಯಾಗ ನಿಂದರ್ತಿತ್ತು, ನೀರು ಹುಡುಕ್ಲಿಕ್ಕೆ. ನಮ್ದು ನಿಂದರ್ತಿರಲಿಲ್ಲ. ನನಗ ನೀರಡಿಕಿ ಆಗಿ ಅತ್ರೂ ನಿಂದರ್ತಿರಲಿಲ್ಲ," ಅಂದರು.

"ಮತ್ತ ಅವತ್ತು ಯಾಕ ಹೇಳ್ಲಿಲ್ರಿ?"

"ಪರದೇದ ಹಿಂದ ನಿಂತಿದ್ದೆ, ಬೇಟಾ. ಹನ್ನೊಂದು ವರ್ಷದ ಹುಡುಗಿಗಿ ಯಾರು ಕೇಳ್ತಾರ?" ರೆಕ್ಕೆಗಳ ಮೇಲಿಂದ ಕೈ ತೆಗೆದು ಅಂದರು, "ಕೇಳದಿದ್ರೂ ಹೇಳಬೇಕಿತ್ತು. ನಿನ್ನ ಅಪ್ಪಾ ಸಚ್ಚಾ ಮನುಷ್ಯಾ, ಖರೇನೇ ಹೇಳಿದ್ದ."

"ನಾನೂ ನಂಬಿರಲಿಲ್ಲರಿ," ಅಂದ ಶಿವಕಾಂತ.

ಬೋಲ್ಟುಗಳನ್ನು ಕರವಸ್ತ್ರದಲ್ಲಿ ಸುತ್ತಿ ಜೇಬಿಗೆ ಹಾಕಿದ. ಅವು ನನ್ನವು ಎಂದು ಸರ್ದಾರ ಕೇಳಲಿಲ್ಲ.

ಮಧ್ಯಾಹ್ನದ ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಬೀದರ ದಾಟಿದ ಮೇಲೆ ಅಕ್ಕನಿಗೆ ಫೋನು ಮಾಡಿದ. ನಡೆದದ್ದನ್ನು ಹೇಳಿದ.

"ಆಕಿ ಕೈ ಹಾಕಿ ನೋಡಿದಳಾ?" ಅಂದಳು ಸಖುಬಾಯಿ.

"ನೋಡಿದ್ರು. ಸಚ್ಚಾ ಮನುಷ್ಯಾ ಅಂದ್ರು."

ಅತ್ತ ಕಡೆ ಅಡಿಕೆ ಕುಟ್ಟುವ ಸದ್ದು ನಿಂತಿತು. "ದೇವರ ಮಾಡಾ ಒಳಗಿನ ಖೋಲ್ಯಾಗ ಅದ. ನನ್ನ ಮಂಡಿ ನಿನಗ ಗೊತ್ತದ. ಎದ್ದು ಹೋಗಿ ಬಂಡಾರ ಹಚ್ಕೊಂಡು ಬರಾಕ ಹೊತ್ತಾಗ್ತದ. ನಿನಗ ತಡಿಯೂದಾಗ್ತದೇನು? ಫೋನು ಇಡು, ಆಮ್ಯಾಲ ಮಾಡ್ತೇನಿ."

"ಇಡೂದಿಲ್ಲ. ಹೋಗಿ ಬಾ. ನಾ ಹಿಡ್ಕೊಂಡಿರ್ತೇನಿ."

ಸಖುಬಾಯಿ ಫೋನನ್ನು ಹಾಸಿಗೆಯ ಮೇಲಿಟ್ಟು, ಗೋಡೆ ಹಿಡಿದು ಎದ್ದಳು. ಶಿವಕಾಂತ ಸೀಟಿಗೆ ಒರಗಿ, ಫೋನು ಕಿವಿಗೆ ಹಚ್ಚಿಕೊಂಡು, ಕಾಯುತ್ತ ಕುಳಿತ.