ಮೊದಲು ಹೊರಳಿದವರು

ಕಾಲಿಗೆ ಚಕ್ರ ಕಟ್ಟಿಕೊಂಡು ಹುಟ್ಟಿದವಳು ಎಂದು ತವರಿನಲ್ಲಿ ನನ್ನನ್ನು ಬೈಯುತ್ತಿದ್ದರು. ಅಂಥವಳು ಬೆಳಗಾವಿಯ ದವಾಖಾನೆಯ ಗಂಡಸರ ವಾರ್ಡಿನಲ್ಲಿ, ತಲೆ ತುಂಬ ಸೆರಗು ಹೊದ್ದು, ಗಂಡನ ಮಂಚದ ಪಕ್ಕ ನೆಲದ ಮೇಲೆ ಗೊಂಬೆಯಂತೆ ಕೂತಿರಬೇಕಾಯಿತು. ಸಾವಿರದ ಒಂಬೈನೂರ ಇಪ್ಪತ್ತರ ದಶಕದ ಮಾತಿದು. ಖಾನಾಪುರದಲ್ಲಿ ಅಕ್ಕಿಯ ಚೀಲ ಹೊತ್ತು ಗಟ್ಟಿಯಾದ ಅವರ ಮೈಯನ್ನು ವಾರಗಟ್ಟಲೆ ಇಳಿಯದ ಮುದ್ದತಿ ಜ್ವರ ಹಿಂಡಿ ಹಾಕಿತ್ತು. ರೈಲಿನಲ್ಲಿ ಕರೆತಂದಾಗಿನಿಂದ ಬೆನ್ನ ಮೇಲೆ ಬಿದ್ದವರು ಬಿದ್ದೇ ಇದ್ದರು.

ಒಂದು ಬೆಳಿಗ್ಗೆ ನರ್ಸಬಾಯಿ ಅವರನ್ನು ಪಕ್ಕಕ್ಕೆ ಸರಿಸಿ, ಸೊಂಟದ ಕೆಳಗೆ ಬೆರಳೊತ್ತಿ ನೋಡಿದಳು. ಚರ್ಮ ಕೆಂಪಾಗಿತ್ತು.

“ಜ್ವರಾ ಇಳೀತದ. ಆದ್ರ ಇಲ್ಲಿ ಹುಣ್ಣಾತಂದ್ರ ಜೀವಕ್ಕ ಕಠಿಣ. ಘಳಿಗಿ ಘಳಿಗಿಗೆ ಮಗ್ಗಲಾ ಬದಲಸ್ರಿ, ಬೆನ್ನು ತಿಕ್ಕರಿ. ನನಗ ಇಡೀ ವಾರ್ಡ್ ಐತಿ,” ಎಂದು ಸ್ಪಿರಿಟ್ಟಿನ ಬಾಟಲಿಯನ್ನು ನನ್ನ ಮುಂದಿಟ್ಟು ಹೋದಳು.

ನಮ್ಮ ಜೊತೆಗೇ ಬಂದು ಮಗನ ತಲೆದೆಸೆಗೆ ಕೂತಿದ್ದ ಅತ್ತೆ ಬಾಟಲಿಯನ್ನು ತಮ್ಮ ಕಡೆ ಎಳೆದುಕೊಂಡರು. ಅತ್ತೆಯೆದುರು ಗಂಡನೊಡನೆ ಮಾತಾಡುವುದೇ ನಮ್ಮಲ್ಲಿಲ್ಲ. ಇನ್ನು ಪರಗಂಡಸರ ನಡುವೆ ಮೈ ಮುಟ್ಟುವುದೆಲ್ಲಿ? ತಾವೇ ಮಗನ ಹೆಗಲಿಗೆ ಕೈ ಹಾಕಿ ಎಳೆದರು. ಹೆಗಲು ಎದ್ದಿತು, ಸೊಂಟ ಏಳಲಿಲ್ಲ. ಮತ್ತೆ ಎಳೆದಾಗ ಕೆಳಗಿನ ಚಾದರ ಮುದುಡಿತೇ ಹೊರತು ಅವರು ಅಲುಗಲಿಲ್ಲ. ಅತ್ತೆ ಉಬ್ಬಸಪಡುತ್ತ ಕೂತುಬಿಟ್ಟರು. ನಾನು ಎದ್ದೆ, ಕೂತೆ, ಚೊಂಬು ಬೆಳಗಿದೆ, ಬೆಳಗಿದ ಚೊಂಬನ್ನೇ ಮತ್ತೆ ಬೆಳಗಿದೆ. ಈ ಮುದುಕಿಯ ಮರ್ಯಾದೆಗೆ ನನ್ನ ಕುಂಕುಮ ಅಳಿಯಬೇಕೇ ಎಂದು ಒಳಗೇ ಕುದಿಯುತ್ತಿದ್ದೆ.

ಮಧ್ಯಾಹ್ನದ ಹೊತ್ತಿಗೆ ಆ ಕೆಂಪು ನೇರಳೆಗೆ ತಿರುಗಿತ್ತು. ಇನ್ನು ನನಗೆ ತಡೆಯಲಾಗಲಿಲ್ಲ.

“ಅತ್ತಿಯವರ, ನಾ ಅವ್ರನ್ನ ಮಗ್ಗಲಿಗೆ ಹೊಳ್ಳಸ್ಲೇನ್ರಿ?”

“ಇಷ್ಟು ಮಂದಿ ಮುಂದ? ನನ್ನ ಕಣ್ಣ ಮುಂದ?”

“ಅವ್ರ ಬೆನ್ನ ನೋಡ್ರಿ ಒಮ್ಮೆ.”

ಅತ್ತೆ ಬಗ್ಗಿ ನೋಡಿದರು. ಬಾಟಲಿಯನ್ನು ನನ್ನ ಮಡಿಲಿಗಿಟ್ಟು, ನಮಗೆ ಬೆನ್ನು ಹಾಕಿ, ಸೆರಗನ್ನು ಎರಡೂ ಕೈಯಲ್ಲಿ ಅಗಲಕ್ಕೆ ಹಿಡಿದು, ವಾರ್ಡಿನ ಗಂಡಸರನ್ನು ದುರುಗುಟ್ಟಿ ನೋಡುತ್ತ ನಿಂತರು. ನಾನು ಗಂಡನ ಸೊಂಟದಡಿ ತೋಳು ಹಾಕಿದೆ.

“ಎಳೀಬ್ಯಾಡ. ಎತ್ತಿ ಹೊಳ್ಳಸು,” ಎಂದರು ಅತ್ತೆ, ತಿರುಗಿ ನೋಡದೆ.

ಗಂಡನನ್ನು ಎತ್ತಿ ಹೊರಳಿಸಿ, ಬೆನ್ನು ತಿಕ್ಕಿ, ಚಾದರದ ಸುಕ್ಕು ಬಿಡಿಸಿ, ಮತ್ತೆ ಮಂಚದ ಪಕ್ಕ ಕೂತೆ. ಮತ್ತೆ ಯಾವಾಗ, ಹೇಗೆ ಕೇಳಲಿ ಎಂದು ಚಡಪಡಿಸುತ್ತಿದ್ದೆ. ಕೇಳುವ ಪ್ರಸಂಗವೇ ಬರಲಿಲ್ಲ. ಬಿಸಿಲು ಕಿಟಕಿ ದಾಟುವಷ್ಟರಲ್ಲಿ ಅತ್ತೆಯೇ ಮೊಣಕಾಲು ಹಿಡಿದುಕೊಂಡು ಎದ್ದು ಮೊದಲಿನಂತೆ ಸೆರಗನ್ನು ಅಗಲಕ್ಕೆ ಹಿಡಿದರು.

“ಏಳ ತಂಗಿ, ಹೊತ್ತಾತು. ನಾ ಆ ಕಡಿ ಹೊಳ್ಳತೀನಿ, ನೀ ಅವನ್ನ ಈ ಕಡಿ ಹೊಳ್ಳಸು.”