ಮಂಜಿನೊಳಗೆ ಕುದುರಿದ ಸಂಬಂಧ

ಪುಣೆಯಲ್ಲಿ ಕಾರಕೂನನಾಗಿದ್ದಾಗ ಒಂದು ರವಿವಾರ ಒಬ್ಬನೇ ಸಿಂಹಗಡ ಹತ್ತಿದ್ದೆ. ಇಳಿಯುವಾಗ ಮಂಜು ಕವಿದು ಕಾಲುದಾರಿಯೇ ಕಾಣದಾಯಿತು. ಹೆದರಿಕೆಗೆ ಮರಾಠಿ ಮರೆತು, "ಯಾರರೆ ಅದೀರೇನ್ರೀ?" ಎಂದು ಕೂಗಿದೆ.

"ಅದೀನ್ರೀ! ಹೆಜ್ಜಿ ಎತ್ತಬ್ಯಾಡ್ರಿ, ಬಾಜೂಕ ಕೊಳ್ಳ ಅದ. ಅಲ್ಲೇ ಕೂತು ಮಾತಾಡ್ಕೋತ ಇರ್ರಿ," ಎಂದಿತು ಒಂದು ಹಿರಿಯ ದನಿ. "ಯಾವೂರ್ರಿ?"

"ಧಾರವಾಡರಿ."

"ಯಾರ ಪೈಕಿ?"

ಮನೆತನ, ಗೋತ್ರ, ತಂಗಿಯ ವಯಸ್ಸು ಎಲ್ಲ ಕೂಗಿ ಹೇಳಿದೆ. ಅವರು ಮಗನ ನೌಕರಿ ಕೂಗಿದರು.

ಮಂಜು ಸರಿದಾಗ, "ದಾರಿ ತೋರಸ್ರಿ" ಎಂದೆ.

"ನಾನೂ ದಾರಿ ತಪ್ಪಿದಾವನರೀ!" ಎಂದು ಅವರು ನಕ್ಕರು. ದಾರಿ ನಮ್ಮಿಬ್ಬರ ನಡುವೆಯೇ ಇತ್ತು.

ಗಂಡನ ಮೇಲೆ ಸಿಟ್ಟು ಬಂದಾಗಲೆಲ್ಲ ತಂಗಿ ಈಗಲೂ ಕೇಳುತ್ತಾಳೆ: "ಅಣ್ಣಾ, ಅವತ್ತು ಸುಮ್ಮನ ಕೂಡ್ಲಿಕ್ಕೆ ಆಗ್ತಿರಲಿಲ್ಲೇನು?"